ಮಾಯಾ ಪಿರಮಿಡ್ಡಿನ ಹೊಟ್ಟೆಯಲ್ಲಿ ಏನಿದೆ?

1989ರಲ್ಲಿ ಹೊಂಡುರಾಸ್ ದೇಶದ ಕೊಪಾನ್ ಎಂಬ ಹಳೆಯ ಊರಿನಲ್ಲಿ ಒಂದು ಪಿರಮಿಡ್ಡಿನೊಳಗೆ ಸುರಂಗ ತೋಡುತ್ತಿದ್ದರು. ತೋಡಿಸುತ್ತಿದ್ದವರು ರಿಕಾರ್ಡೊ ಅಗೂರ್ಸಿಯಾ ಎಂಬ ಪುರಾತತ್ವಜ್ಞರು. ಪಿರಮಿಡ್ಡಿನ ಒಳಗೆ ಕಲ್ಲು, ಮಣ್ಣು ಸಿಗುವುದು ಸಹಜ. ಅವರಿಗೂ ಮೊದಲು ಸಿಕ್ಕಿದ್ದು ಅದೇ. ಆಮೇಲೆ ಕೆಂಪು ಬಣ್ಣದ ಒಂದು ಗೋಡೆ ಅಡ್ಡ ಬಂತು. ಅದರ ಮೇಲೆ ಗಾರೆಯಲ್ಲಿ ಮಾಡಿದ ದೊಡ್ಡ ದೊಡ್ಡ ಮುಖಗಳು, ಹಕ್ಕಿಗಳು. ಗೋಡೆಯ ಪಕ್ಕದಲ್ಲೇ ಸುರಂಗ ತೋಡುತ್ತಾ ಹೋದರೆ ಗೋಡೆ ಮುಗಿಯಲೇ ಇಲ್ಲ. ಕೊನೆಗೆ ಗೊತ್ತಾಯಿತು, ಪಿರಮಿಡ್ಡಿನ ಹೊಟ್ಟೆಯೊಳಗೆ ಇನ್ನೊಂದು ಇಡೀ ಗುಡಿ ನಿಂತಿದೆ ಅಂತ. ಮೂರು ಅಂತಸ್ತು, ಸುಮಾರು 13 ಮೀಟರ್ ಎತ್ತರ. ಹೆಚ್ಚು ಕಡಿಮೆ 571ನೇ ಇಸವಿಯಲ್ಲಿ ಕಟ್ಟಿದ್ದು. ಅದಕ್ಕೆ ರೋಸಲೀಲಾ ಅಂತ ಹೆಸರಿಟ್ಟರು.

ಇಷ್ಟು ಚೆಂದದ ಗುಡಿಯನ್ನು ಯಾರಾದರೂ ಮಣ್ಣು ಹಾಕಿ ಮುಚ್ಚುತ್ತಾರಾ? ಮಾಯಾ ಜನ ಮುಚ್ಚುತ್ತಿದ್ದರು. ಅದೂ ಬೇಕಂತಲೇ. ಅವರು ಪಿರಮಿಡ್ ಕಟ್ಟುತ್ತಿದ್ದ ಗುಟ್ಟು ಇರುವುದೇ ಇಲ್ಲಿ. ಒಂದು ಪಿರಮಿಡ್ಡನ್ನು ಅವರು ಒಂದೇ ಸಲಕ್ಕೆ ಕಟ್ಟಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಅಜ್ಜ ಕಟ್ಟಿದ್ದರ ಮೇಲೆ ಮಗ, ಮಗ ಕಟ್ಟಿದ್ದರ ಮೇಲೆ ಮೊಮ್ಮಗ ಕಟ್ಟುತ್ತಾ ಹೋಗುತ್ತಿದ್ದರು. ಪಿರಮಿಡ್ ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆಯುತ್ತಿತ್ತು.

ಅದು ಹೇಗೆ ಅಂತ ಒಂದೊಂದಾಗಿ ನೋಡೋಣ. ಮೊದಲು ಎರಡು ಮಾತು ಈ ಜನರ ಬಗ್ಗೆ.

ಮಾಯಾ ಜನ ಇದ್ದದ್ದು ಇವತ್ತಿನ ಮೆಕ್ಸಿಕೊದ ದಕ್ಷಿಣ ಭಾಗ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ದೇಶಗಳಲ್ಲಿ. ಇದ್ದದ್ದು ಅಂದೆ, ಈಗಲೂ ಇದ್ದಾರೆ. ಲಕ್ಷಗಟ್ಟಲೆ ಜನ ಇವತ್ತೂ ಮಾಯಾ ಭಾಷೆಗಳನ್ನು ಆಡುತ್ತಾರೆ. ಅವರ ಹಳೆಯ ನಗರಗಳು ಬಹಳ ಜೋರಾಗಿ ಬೆಳೆದದ್ದು ಕ್ರಿ.ಶ. 250ರಿಂದ 900ರವರೆಗೆ. ಆದರೆ ದೊಡ್ಡ ಕಟ್ಟಡ ಕಟ್ಟುವ ಹುಚ್ಚು ಅದಕ್ಕಿಂತ ಸಾವಿರ ವರ್ಷ ಮೊದಲೇ ಶುರುವಾಗಿತ್ತು.

ಪಿರಮಿಡ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಈಜಿಪ್ಟ್. ಇವೆರಡಕ್ಕೂ ಸಂಬಂಧ ಇಲ್ಲ. ನಡುವೆ ಒಂದು ಮಹಾಸಾಗರ, ಸಾವಿರಾರು ವರ್ಷಗಳ ಅಂತರ. ಕಟ್ಟಡವೂ ಬೇರೆ ತರಹ. ಈಜಿಪ್ಟಿನ ಪಿರಮಿಡ್ಡಿಗೆ ಚೂಪು ತುದಿ. ಅದು ರಾಜನ ಸಮಾಧಿ, ಯಾರೂ ಮೇಲೆ ಹತ್ತುವ ಹಾಗಿರಲಿಲ್ಲ. ಮಾಯಾ ಪಿರಮಿಡ್ಡಿನ ತಲೆ ಚಪ್ಪಟೆ. ಮೇಲೊಂದು ಗುಡಿ, ಅಲ್ಲಿಗೆ ಹೋಗಲು ಹೊರಗಡೆ ಕಡಿದಾದ ಮೆಟ್ಟಿಲು. ಕೆಳಗೆ ಬಯಲಿನಲ್ಲಿ ಊರಿನವರು ನಿಂತು ನೋಡಬೇಕು, ಮೇಲೆ ರಾಜ, ಪೂಜಾರಿಗಳು ಪೂಜೆ ಮಾಡಬೇಕು. ಮಾಯಾ ಜನರಿಗೆ ಬೆಟ್ಟ ಅಂದರೆ ದೇವರು, ಹಿರಿಯರು ಇರುವ ಜಾಗ. ಮಳೆ ಹುಟ್ಟುವುದೂ ಅಲ್ಲೇ. ಬೆಟ್ಟ ಇಲ್ಲದ ಊರಿನಲ್ಲಿ ಅವರೇ ಬೆಟ್ಟ ಕಟ್ಟಿಕೊಂಡರು.

ಏನೇನು ಇರಲಿಲ್ಲ

ಕಬ್ಬಿಣ ಇರಲಿಲ್ಲ. ಉಳಿ, ಸುತ್ತಿಗೆ, ಹಾರೆ ಯಾವುದೂ ಲೋಹದ್ದಲ್ಲ. ಎತ್ತು, ಕುದುರೆ, ಕತ್ತೆ ಆ ನಾಡಿನಲ್ಲೇ ಇರಲಿಲ್ಲ. ಹಾಗಾಗಿ ಗಾಡಿಯೂ ಇಲ್ಲ. ಅವರಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಹಳೆಯ ಮೆಕ್ಸಿಕೊದಲ್ಲಿ ಚಕ್ರ ಇರುವ ಮಣ್ಣಿನ ಆಟಿಕೆಗಳು ಸಿಕ್ಕಿವೆ. ಗಾಡಿ ಎಳೆಯಲು ಪ್ರಾಣಿಯೇ ಇಲ್ಲ, ಸುತ್ತ ದಟ್ಟ ಕಾಡು, ಮಳೆ ಬಂದರೆ ಕೆಸರು. ಅಂಥ ಕಡೆ ಗಾಡಿಗಿಂತ ಮನುಷ್ಯನ ಬೆನ್ನೇ ವಾಸಿ.

ಇದನ್ನು ಕೇಳಿ ಕೆಲವರು "ಹಾಗಾದರೆ ಬೇರೆ ಗ್ರಹದವರು ಬಂದು ಕಟ್ಟಿರಬೇಕು" ಅಂತ ವಿಡಿಯೊ ಮಾಡಿ ಹಾಕುತ್ತಾರೆ. ನೀವೂ ನೋಡಿರುತ್ತೀರಿ. ಸುಮ್ನೆ ಕತೆ. ಅಲ್ಲಿ ಕಲ್ಲು ಕಿತ್ತ ಗುಂಡಿಗಳು ಸಿಕ್ಕಿವೆ. ಸವೆದು ಮುರಿದ ಉಪಕರಣಗಳು, ಸುಣ್ಣ ಸುಟ್ಟ ಗೂಡುಗಳು, ಅರ್ಧಕ್ಕೆ ಬಿಟ್ಟ ಕೆಲಸಗಳು ಎಲ್ಲವೂ ಸಿಕ್ಕಿವೆ. ಬೇರೆ ಗ್ರಹದವರು ಬಂದಿದ್ದರೆ ಇಷ್ಟೊಂದು ಕಷ್ಟ ಯಾಕೆ ಪಡುತ್ತಿದ್ದರು, ಅಲ್ವಾ?

ಕಲ್ಲು ಕೀಳುವ ಕೆಲಸ

ಮಾಯಾ ನಾಡಿನ ಬಹುಪಾಲು ಜಾಗದಲ್ಲಿ ಕಾಲ ಕೆಳಗೆ ಇರುವುದು ಸುಣ್ಣದ ಕಲ್ಲು. ಈ ಕಲ್ಲಿಗೆ ಒಂದು ಒಳ್ಳೆಯ ಗುಣ ಇದೆ. ನೆಲದಿಂದ ಆಗ ತಾನೇ ಕಿತ್ತಾಗ ಅದು ಮೆತ್ತಗಿರುತ್ತದೆ, ಕೆತ್ತಲು ಸುಲಭ. ಗಾಳಿ, ಬಿಸಿಲಿಗೆ ಇಟ್ಟರೆ ದಿನ ಕಳೆದಂತೆ ಗಟ್ಟಿಯಾಗುತ್ತದೆ. ಅದರೊಳಗಿನ ತೇವ ಆರುವುದೇ ಇದಕ್ಕೆ ಕಾರಣ. ಹಾಗಾಗಿ ಕೆಲಸದವರು ಕಲ್ಲು ಹಸಿಯಾಗಿರುವಾಗಲೇ ಆಕಾರ ಕೊಟ್ಟುಬಿಡುತ್ತಿದ್ದರು.

ಕಲ್ಲಿನಿಂದಲೇ ಕಲ್ಲನ್ನು ಕತ್ತರಿಸಬೇಕು. ಅದಕ್ಕೆ ಚಕಮಕಿ ಕಲ್ಲಿನ ಕೊಡಲಿ, ಉಳಿಗಳಿದ್ದವು. ಹಸಿರು ಬಣ್ಣದ ಗಟ್ಟಿ ಕಲ್ಲನ್ನು ಉಜ್ಜಿ ಉಜ್ಜಿ ನುಣುಪಾದ ಕೊಡಲಿ ಮಾಡುತ್ತಿದ್ದರು. ಬೆಲೀಜಿನ ಕೊಲ್ಹಾ ಎಂಬ ಊರಿನಲ್ಲಿ ಇಂಥ ಉಪಕರಣ ಮಾಡುವುದೇ ದೊಡ್ಡ ಕಸುಬಾಗಿತ್ತು. ಅಲ್ಲಿ ಇವತ್ತಿಗೂ ಕಲ್ಲಿನ ಚಕ್ಕೆಗಳ ಗುಡ್ಡೆಗಳಿವೆ.

ಬಂಡೆಯ ಮೇಲೆ ತಮಗೆ ಬೇಕಾದ ಅಳತೆಗೆ ನಾಲ್ಕೂ ಕಡೆ ಕಾಲುವೆಯಂತೆ ಕೊರೆಯುವುದು. ಆಮೇಲೆ ಮರದ ದೊಣ್ಣೆ ತೂರಿಸಿ ಬುಡದಿಂದ ಮೀಟಿ ಎಬ್ಬಿಸುವುದು. ಇಷ್ಟೇ ವಿಧಾನ. ಕಲ್ಲು ಕಿತ್ತ ಗುಂಡಿಯನ್ನೂ ಅವರು ದಂಡ ಮಾಡಲಿಲ್ಲ. ಗ್ವಾಟೆಮಾಲಾದ ಟಿಕಾಲ್ ನಗರದಲ್ಲಿ ಇಂಥ ಗುಂಡಿಗಳಿಗೆ ಗಾರೆ ಬಳಿದು ಕೆರೆ ಮಾಡಿಕೊಂಡರು. ಅಲ್ಲಿ ಹತ್ತಿರದಲ್ಲಿ ನದಿ ಇಲ್ಲ. ಬಯಲುಗಳಿಗೆಲ್ಲ ಗಾರೆಯ ನೆಲ ಹಾಕಿ, ಸ್ವಲ್ಪ ಇಳಿಜಾರು ಕೊಟ್ಟು, ಬಿದ್ದ ಮಳೆಯೆಲ್ಲ ಹರಿದು ಆ ಕೆರೆಗಳಿಗೇ ಸೇರುವಂತೆ ಮಾಡಿದ್ದರು.

ಹಣೆಯ ಮೇಲೊಂದು ಪಟ್ಟಿ

ಕಿತ್ತ ಕಲ್ಲನ್ನು ಸಾಗಿಸಬೇಕಲ್ಲ. ಮಾಯಾ ಜನ ಹೊರೆಯನ್ನು ತಲೆಯ ಮೇಲೆ ಹೊರುತ್ತಿರಲಿಲ್ಲ. ಬೆನ್ನಿನ ಮೇಲೆ ಹೊರುತ್ತಿದ್ದರು. ಹೊರೆಗೆ ಕಟ್ಟಿದ ಹಗ್ಗದ ನಡುವೆ ಅಗಲವಾದ ಒಂದು ಪಟ್ಟಿ. ಆ ಪಟ್ಟಿ ಹಣೆಗೆ ಬರುವಂತೆ ಹಾಕಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುವುದು. ಮೆಕ್ಸಿಕೊದಲ್ಲಿ ಇದಕ್ಕೆ ಮೆಕಪಾಲ್ ಅನ್ನುತ್ತಾರೆ. ಕೈ ಎರಡೂ ಖಾಲಿ ಇರುವುದರಿಂದ ಮೆಟ್ಟಿಲು ಹತ್ತುವಾಗ ಆಸರೆ ಹಿಡಿಯಬಹುದು. ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಸೌದೆ ಹೊರುವವರು ಇವತ್ತೂ ಹೀಗೇ ಹೊರುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಪೆನ್ಸಿಲ್ ತಗೊಳ್ಳಿ. ಗ್ವಾಟೆಮಾಲಾದ ಕಾಡಿನಲ್ಲಿ ಎಲ್ ಮಿರಾದೋರ್ ಎಂಬ ನಗರ ಇದೆ. ಅಲ್ಲಿರುವ ಲಾ ದಾಂತಾ ಎಂಬ ಪಿರಮಿಡ್ಡಿನ ಎತ್ತರ ಸುಮಾರು 72 ಮೀಟರ್. ಕಟ್ಟಿ 2,000 ವರ್ಷ ದಾಟಿದೆ. ಅದರಲ್ಲಿ ಸುಮಾರು 28 ಲಕ್ಷ ಘನ ಮೀಟರ್ ಕಲ್ಲು ಮಣ್ಣು ಇದೆ ಅಂತ ಅಂದಾಜು. ಒಂದು ಘನ ಮೀಟರ್ ಅಂದರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಗುಡ್ಡೆ. ಅದರ ತೂಕ 1,500 ಕೆಜಿ ಅಂತ ಇಟ್ಟುಕೊಳ್ಳೋಣ. ಒಬ್ಬರು ಒಂದು ಸಲಕ್ಕೆ 25 ಕೆಜಿ ಹೊತ್ತರೆ ಒಂದು ಘನ ಮೀಟರಿಗೆ 60 ಹೊರೆ. ಇಡೀ ಲಾ ದಾಂತಾಗೆ 16 ಕೋಟಿ 80 ಲಕ್ಷ ಹೊರೆ!

ಸಾವಿರ ಜನ ಸೇರಿ, ಒಬ್ಬೊಬ್ಬರು ದಿನಕ್ಕೆ 20 ಹೊರೆಯಂತೆ, ವರ್ಷಕ್ಕೆ 100 ದಿನ ಹೊತ್ತರೆ ಎಷ್ಟು ವರ್ಷ ಬೇಕು? ವರ್ಷಕ್ಕೆ 20 ಲಕ್ಷ ಹೊರೆ ಆಗುತ್ತದೆ. ಭಾಗಿಸಿ ನೋಡಿ, 84 ವರ್ಷ. ಇದು ಬರೀ ಹೊರುವ ಲೆಕ್ಕ. ಕಲ್ಲು ಕೀಳುವವರು, ಕೆತ್ತುವವರು, ಸುಣ್ಣ ಸುಡುವವರು, ಇವರಿಗೆಲ್ಲ ಅಡುಗೆ ಮಾಡುವವರು ಬೇರೆ. ನಮ್ಮ ಲೆಕ್ಕ ಒರಟು ಲೆಕ್ಕವೇ ಸರಿ. ಆದರೆ ಕೆಲಸ ಶುರು ಮಾಡಿದವರಲ್ಲಿ ಹೆಚ್ಚಿನವರು ಅದು ಮುಗಿಯುವುದನ್ನು ನೋಡಿರಲಾರರು ಅನ್ನುವುದಕ್ಕೆ ಇಷ್ಟು ಸಾಕು.

ಈ ಕೆಲಸ ಯಾರು ಮಾಡುತ್ತಿದ್ದರು? ಹೆಚ್ಚಿನವರು ರೈತರೇ. ಮಳೆಗಾಲದಲ್ಲಿ ಮೆಕ್ಕೆಜೋಳದ ಹೊಲ ನೋಡಿಕೊಳ್ಳಬೇಕು. ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಬಿಡುವು. ಆಗ ರಾಜ ಕರೆ ಕಳಿಸಿದರೆ ಹೋಗಬೇಕು. ಒಂಥರಾ ಕಂದಾಯ, ದುಡ್ಡಿನ ಬದಲು ದುಡಿಮೆಯಲ್ಲಿ ಕಟ್ಟುವುದು.

ಒಳಗೆ ತುಂಬಿದ್ದು ಏನು?

ಮಾಯಾ ಪಿರಮಿಡ್ ಒಳಗಿನಿಂದ ಹೊರಗಿನವರೆಗೂ ಕೆತ್ತಿದ ಕಲ್ಲು ಅಂದುಕೊಂಡರೆ ತಪ್ಪು. ಅಂದವಾಗಿ ಕೆತ್ತಿದ ಕಲ್ಲು ಇರುವುದು ಹೊರಮೈಯಲ್ಲಿ ಮಾತ್ರ. ಒಳಗೆ ಒರಟು ಕಲ್ಲು, ಮಣ್ಣು, ಚಕ್ಕೆಗಳು, ಹಳೆಯ ಕಟ್ಟಡ ಒಡೆದ ಚೂರು, ಒಡೆದ ಮಡಕೆ ಎಲ್ಲ ಇರುತ್ತದೆ. ಪುರಾತತ್ವಜ್ಞರಿಗೆ ಈ ಒಡೆದ ಮಡಕೆ ಅಂದರೆ ಪ್ರಾಣ. ಯಾವ ಕಾಲದಲ್ಲಿ ಯಾವ ತರಹದ ಮಡಕೆ ಮಾಡುತ್ತಿದ್ದರು ಅಂತ ಅವರಿಗೆ ಗೊತ್ತು. ಹಾಗಾಗಿ ಚೂರು ನೋಡಿಯೇ ಆ ಪದರ ಯಾವ ಕಾಲದ್ದು ಅಂತ ಹೇಳಿಬಿಡುತ್ತಾರೆ.

ಆದರೆ ಸುಮ್ಮನೆ ಕಲ್ಲು ಮಣ್ಣು ಸುರಿದರೆ ಏನಾಗುತ್ತದೆ? ಮನೆ ಕಟ್ಟುವ ಕಡೆ ಮರಳು ಸುರಿದಿರುವುದನ್ನು ನೋಡಿದ್ದೀರಲ್ಲ. ಗುಡ್ಡೆ ಎತ್ತರ ಆದಂತೆ ಪಕ್ಕಕ್ಕೆ ಜಾರುತ್ತದೆ. ಒಂದು ಮಳೆ ಬಂದರೆ ಇನ್ನೂ ಜಾರುತ್ತದೆ. ಇದಕ್ಕೆ ಮಾಯಾ ಕೆಲಸಗಾರರು ಒಂದು ಉಪಾಯ ಮಾಡಿದರು. ಮೊದಲು ಒರಟು ಕಲ್ಲಿನ ಅಡ್ಡಗೋಡೆ ಕಟ್ಟಿ ಜಾಗವನ್ನು ಚೌಕ ಚೌಕ ಮನೆಗಳಾಗಿ ಭಾಗ ಮಾಡುವುದು. ಆಮೇಲೆ ಒಂದೊಂದು ಮನೆಯನ್ನೂ ತುಂಬುವುದು. ತುಂಬಿದ್ದು ಜಾರಲು ಹೋದರೆ ಗೋಡೆ ತಡೆಯುತ್ತದೆ. ಎಲ್ಲ ತುಂಬಿದ ಮೇಲೆ ಮೇಲೊಂದು ಗಟ್ಟಿ ನೆಲ. ಅದರ ಮೇಲೆ ಸ್ವಲ್ಪ ಒಳಕ್ಕೆ ಸರಿದು ಮತ್ತೆ ಚೌಕಗಳು. ಹೀಗೆ ಒಂದೊಂದೇ ಅಟ್ಟಣೆ ಮೇಲೇರುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲ. ಒಂದು ಚೌಕ ಒಂದು ಗುಂಪಿಗೆ ಅಂತ ಹಂಚಿಬಿಡಬಹುದು. "ಈ ಕೇರಿಯವರು ಇದನ್ನು ತುಂಬಿ, ಆ ಕೇರಿಯವರು ಅದನ್ನು ತುಂಬಿ." ಯಾರು ಕೆಲಸ ಮಾಡಿದರು, ಯಾರು ತಪ್ಪಿಸಿಕೊಂಡರು ಅಂತ ಕಣ್ಣಿಗೇ ಕಾಣುತ್ತದೆ! ಮೆಕ್ಸಿಕೊದ ತಬಾಸ್ಕೊ ಸೀಮೆಯ ಅಗ್ವಾದಾ ಫೆನಿಕ್ಸ್‌ನಲ್ಲಿ ಇದರ ಒಂದು ಚೆಂದದ ಗುರುತು ಸಿಕ್ಕಿದೆ. ಅದು ಪಿರಮಿಡ್ ಅಲ್ಲ, ಒಂದು ಬೃಹತ್ ಜಗಲಿ. ಉದ್ದ ಸುಮಾರು 1,400 ಮೀಟರ್, ಎತ್ತರ 10ರಿಂದ 15 ಮೀಟರ್. ಕಟ್ಟಿದ್ದು ಕ್ರಿ.ಪೂ. 1000ರಿಂದ 800ರ ನಡುವೆ. ತಕೇಶಿ ಇನೊಮಾತ ಎಂಬ ಪುರಾತತ್ವಜ್ಞರು ಮತ್ತು ಅವರ ಜೊತೆಗಾರರು ಅಲ್ಲಿ ಅಗೆದಾಗ ಬೇರೆ ಬೇರೆ ಬಣ್ಣದ ಮಣ್ಣು ಚದುರಂಗದ ಮಣೆಯಂತೆ ಚೌಕ ಚೌಕವಾಗಿ ಕಂಡಿತು. ಒಂದೊಂದು ಗುಂಪು ತನ್ನ ತನ್ನ ಕಡೆಯ ಮಣ್ಣು ತಂದು ಸುರಿದಿರಬಹುದು ಅಂತ ಅವರ ಊಹೆ.

ಸುಣ್ಣ, ಸುಣ್ಣ, ಸುಣ್ಣ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕಲ್ಲು ಹೊತ್ತವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಸುಣ್ಣ ಸುಟ್ಟವರನ್ನು ಯಾರೂ ನೆನೆಯುವುದಿಲ್ಲ. ಸುಣ್ಣ ಇಲ್ಲದೆ ಇದ್ದಿದ್ದರೆ ಒಂದು ಪಿರಮಿಡ್ಡೂ ನಿಲ್ಲುತ್ತಿರಲಿಲ್ಲ.

ಅಜ್ಜಿ ಎಲೆ ಅಡಿಕೆಗೆ ಹಚ್ಚಿಕೊಳ್ಳುವ ಸುಣ್ಣ ಗೊತ್ತಲ್ಲ, ಅದೇ ಸುಣ್ಣ. ಅದನ್ನು ಮಾಡುವುದು ಸುಣ್ಣದ ಕಲ್ಲನ್ನು ಸುಟ್ಟು. ಮಾಯಾ ಜನ ಹಸಿ ಸೌದೆಯನ್ನು ದುಂಡಗೆ, ಎದೆಯೆತ್ತರಕ್ಕೆ ಜೋಡಿಸುತ್ತಿದ್ದರು. ನಡುವೆ ಒಂದು ಕಿಂಡಿ. ಮೇಲೆ ಸಣ್ಣ ಸಣ್ಣ ಚೂರು ಮಾಡಿದ ಸುಣ್ಣದ ಕಲ್ಲು. ನಡುವಿನ ಕಿಂಡಿಯಲ್ಲಿ ಬೆಂಕಿ ಹಾಕಿದರೆ ಒಂದು ದಿನಕ್ಕೂ ಜಾಸ್ತಿ ಹೊತ್ತು ಉರಿಯುತ್ತದೆ. ಒಳಗಿನ ಬಿಸಿ 800 ಡಿಗ್ರಿ ದಾಟಬೇಕು. ಹಸಿ ಸೌದೆ ನಿಧಾನಕ್ಕೆ ಉರಿಯುವುದರಿಂದ ಬಿಸಿ ತುಂಬಾ ಹೊತ್ತು ನಿಲ್ಲುತ್ತದೆ. ಮೆಕ್ಸಿಕೊದ ಯುಕಟಾನ್ ಸೀಮೆಯ ಪೂಕ್ ಬೆಟ್ಟಸಾಲಿನಲ್ಲಿ ಉಂಗುರದ ಆಕಾರದ ಕಲ್ಲಿನ ಸುಣ್ಣದ ಗೂಡುಗಳೂ ಸಿಕ್ಕಿವೆ.

ಬೆಂಕಿಯಲ್ಲಿ ಏನಾಗುತ್ತದೆ ನೋಡಿ. ಸುಣ್ಣದ ಕಲ್ಲಿನೊಳಗೆ ಇಂಗಾಲದ ಡೈಆಕ್ಸೈಡ್ ಅಡಗಿರುತ್ತದೆ. ಸುಟ್ಟಾಗ ಅದು ಹೊಗೆಯ ಜೊತೆ ಹಾರಿ ಹೋಗುತ್ತದೆ. ಉಳಿಯುವುದು ಸುಟ್ಟ ಸುಣ್ಣ. ಅದಕ್ಕೆ ನೀರು ತಾಗಿದರೆ ಕೊತಕೊತ ಕುದಿದು, ಉಬ್ಬಿ, ಪುಡಿಯಾಗುತ್ತದೆ. ಇದು ಅರಳಿದ ಸುಣ್ಣ. ಇದನ್ನು ಕಲಸಿ ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ. ಬೆಂಕಿಯಲ್ಲಿ ಕಳೆದುಕೊಂಡದ್ದು ವಾಪಸ್ ಸಿಕ್ಕಿತು! ಈಗ ಅದು ಮತ್ತೆ ಸುಣ್ಣದ ಕಲ್ಲು. ಅಂದರೆ ಮಾಯಾ ಗಾರೆಯವರು ಕಲ್ಲನ್ನು ಪುಡಿ ಮಾಡಿ, ತಮಗೆ ಬೇಕಾದ ಆಕಾರದಲ್ಲಿ ಬಳಿದು, ಮತ್ತೆ ಕಲ್ಲು ಮಾಡುತ್ತಿದ್ದರು.

ಬರೀ ಸುಣ್ಣ ಬಳಿದರೆ ಬಿರುಕು ಬಿಡುತ್ತದೆ. ಅದಕ್ಕೆ ಸಸ್ಕಾಬ್ ಎಂಬ ಬಿಳಿ ಮಣ್ಣು ಸೇರಿಸುತ್ತಿದ್ದರು. ಯುಕಟಾನಿನಲ್ಲಿ ಮೇಲಿನ ಗಟ್ಟಿ ಬಂಡೆಯ ಕೆಳಗೆ ಈ ಮೆತ್ತನೆಯ ಪುಡಿಮಣ್ಣು ಸಿಗುತ್ತದೆ. ಇನ್ನೂ ಒಂದು ಗುಟ್ಟಿನ ಸಾಮಾನು ಇತ್ತು. ಚುಕುಂ ಎಂಬ ಮರದ ತೊಗಟೆ ನೆನೆಸಿದ ನೀರು. ಕೊಪಾನ್‌ನ ಹಳೆಯ ಗಾರೆ ಸಾವಿರಕ್ಕೂ ಹೆಚ್ಚು ವರ್ಷ ಮಳೆ ತಿಂದರೂ ಯಾಕೆ ಗಟ್ಟಿಯಾಗಿದೆ ಅಂತ ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಅಲ್ಲಿನ ಮಾಯಾ ಗಾರೆಯವರನ್ನು ಕೇಳಿ, ಅವರು ಹೇಳಿದ ಮರಗಳ ತೊಗಟೆ ನೆನೆಸಿ, ಆ ನೀರಿನಲ್ಲಿ ತಾವೂ ಗಾರೆ ಕಲಸಿ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ತೊಗಟೆಯ ರಸ ಸೇರಿದ ಗಾರೆಯ ಒಳರಚನೆ ಸಮುದ್ರದ ಚಿಪ್ಪಿನಂತೆ ಇರುತ್ತದಂತೆ. ಅದಕ್ಕೇ ಸುಲಭಕ್ಕೆ ಒಡೆಯುವುದಿಲ್ಲ, ನೀರಿಗೂ ಕರಗುವುದಿಲ್ಲ.

ಅಂದ ಹಾಗೆ ಈ ಸುಣ್ಣ ಅಡುಗೆ ಮನೆಗೂ ಬೇಕಿತ್ತು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೆಗೆದು ರುಬ್ಬುತ್ತಿದ್ದರು. ಮೆಕ್ಸಿಕೊದಲ್ಲಿ ರೊಟ್ಟಿಯ ಹಿಟ್ಟನ್ನು ಇವತ್ತೂ ಹೀಗೇ ಮಾಡುತ್ತಾರೆ. ಸುಣ್ಣದ ತೂಕಕ್ಕಿಂತ ಹಲವು ಪಟ್ಟು ಸೌದೆ ಬೇಕಾಗುತ್ತಿದ್ದುದರಿಂದ ಕಾಡಿಗೆ ಇದು ದೊಡ್ಡ ಹೊರೆಯೇ.

ಬಳಿದ ಗಾರೆಯನ್ನು ಕಲ್ಲಿನಿಂದ ತಿಕ್ಕಿ ನುಣುಪು ಮಾಡಿ, ಮೇಲೆ ಬಣ್ಣ. ಇವತ್ತು ನಾವು ನೋಡುವ ಬೂದು ಬಣ್ಣದ ಪಿರಮಿಡ್ಡುಗಳನ್ನು ಮರೆತುಬಿಡಿ. ಅವುಗಳಲ್ಲಿ ಎಷ್ಟೋ ಕಡುಗೆಂಪು ಬಣ್ಣದಲ್ಲಿದ್ದವು. ಆ ಕೆಂಪು ಬರುತ್ತಿದ್ದದ್ದು ಕಬ್ಬಿಣದ ಅಂಶ ಇರುವ ಕೆಮ್ಮಣ್ಣಿನಿಂದ. ಚಿತ್ರಗಳಿಗೆ ನೀಲಿಯೂ ಇತ್ತು. ನೀಲಿ ಗಿಡದ ಎಲೆಯ ಬಣ್ಣವನ್ನು ಒಂದು ಬಗೆಯ ಜೇಡಿಮಣ್ಣಿನ ಜೊತೆ ಬಿಸಿ ಮಾಡಿ ತಯಾರಿಸಿದ ಆ ನೀಲಿ ಇನ್ನೂ ಮಾಸಿಲ್ಲ.

ಮೇಲಿನ ಗುಡಿ, ಸಪೋಟ ಮರದ ತೊಲೆ

ಪಿರಮಿಡ್ಡಿನ ನೆತ್ತಿಯ ಗುಡಿಯ ಒಳಗೆ ಹೋದರೆ ಆಶ್ಚರ್ಯ ಆಗುತ್ತದೆ. ಹೊರಗಿನಿಂದ ಅಷ್ಟು ದೊಡ್ಡದು, ಒಳಗೆ ಕೈ ಚಾಚಿದರೆ ಗೋಡೆ ತಾಗುವಷ್ಟು ಇಕ್ಕಟ್ಟು. ಕಾರಣ ಚಾವಣಿ. ದುಂಡು ಕಮಾನು ಕಟ್ಟುವ ರೂಢಿ ಅವರಲ್ಲಿರಲಿಲ್ಲ. ಎರಡೂ ಗೋಡೆಗಳಿಂದ ಒಂದೊಂದು ಸಾಲಿನ ಕಲ್ಲನ್ನೂ ಸ್ವಲ್ಪ ಸ್ವಲ್ಪ ಮುಂದೆ ಚಾಚಿಸುತ್ತಾ ಹೋಗಿ, ಮೇಲೆ ಹತ್ತಿರ ಬಂದಾಗ ಒಂದು ಚಪ್ಪಡಿ ಮುಚ್ಚುತ್ತಿದ್ದರು. ಕೋಣೆ ಅಗಲ ಮಾಡಿದರೆ ಚಾಚಿದ ಕಲ್ಲು ಬಿದ್ದುಹೋಗುತ್ತದೆ. ಹಿಂದಿನಿಂದ ಭಾರ ಹೇರಿ ಹಿಡಿಯಬೇಕಾದ್ದರಿಂದ ಗೋಡೆಯೂ ದಪ್ಪ. ಬೇಕಾದರೆ ಪುಸ್ತಕಗಳನ್ನು ಜೋಡಿಸಿ ನೀವೇ ನೋಡಿ. ಎರಡು ರಾಶಿ ಮಾಡಿ, ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಮುಂದೆ ತಳ್ಳುತ್ತಾ ಬನ್ನಿ. ಎಲ್ಲಿ ಬೀಳುತ್ತದೆ ಅಂತ ಗೊತ್ತಾಗುತ್ತದೆ.

ಬಾಗಿಲಿನ ಮೇಲೆ ಅಡ್ಡ ತೊಲೆ ಬೇಕಲ್ಲ, ಅದು ಮರದ್ದು. ಯಾವ ಮರ ಗೊತ್ತಾ? ಸಪೋಟ! ನಾವು ಚಿಕ್ಕು ಅಂತ ತಿನ್ನುವ ಹಣ್ಣಿನ ಮರವೇ. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ. ನಮ್ಮ ತೋಟಗಳಿಗೆ ಬಂದದ್ದು ಆಮೇಲೆ. ಕಾಡಿನ ಸಪೋಟದ ಮರ ಎಷ್ಟು ಗಟ್ಟಿ ಅಂದರೆ, ಟಿಕಾಲ್‌ನ ಗುಡಿಗಳಲ್ಲಿ 1,200 ವರ್ಷಕ್ಕೂ ಹಿಂದೆ ಕೂರಿಸಿದ ತೊಲೆಗಳು ಉಳಿದುಕೊಂಡಿವೆ. ಅವುಗಳ ಮೇಲೆ ರಾಜರ ಚಿತ್ರ, ಬರಹ ಕೆತ್ತಿದ್ದಾರೆ. ಸುಮಾರು 65 ಮೀಟರ್ ಎತ್ತರದ ನಾಲ್ಕನೇ ಗುಡಿಯ ಚೆಂದದ ತೊಲೆಗಳನ್ನು 19ನೇ ಶತಮಾನದಲ್ಲಿ ಕಿತ್ತು ಸ್ವಿಟ್ಜರ್ಲೆಂಡಿಗೆ ಸಾಗಿಸಿಬಿಟ್ಟರು. ಈಗಲೂ ಬಾಸೆಲ್ ನಗರದ ವಸ್ತುಸಂಗ್ರಹಾಲಯದಲ್ಲಿವೆ.

ಕಲ್ಲೇ ಇಲ್ಲದ ಊರಿನವರು ಏನು ಮಾಡಿದರು? ತಬಾಸ್ಕೊದ ಕೊಮಾಲ್ಕಾಲ್ಕೊದಲ್ಲಿ ಇಟ್ಟಿಗೆ ಸುಟ್ಟು ಪಿರಮಿಡ್ ಕಟ್ಟಿದರು. ಸುಣ್ಣಕ್ಕೆ ಸಿಂಪಿ ಚಿಪ್ಪು ಸುಟ್ಟರು. ತಮಾಷೆ ಅಂದರೆ, ಅಲ್ಲಿನ ಎಷ್ಟೋ ಇಟ್ಟಿಗೆಗಳ ಮೇಲೆ ಪ್ರಾಣಿ, ಮನುಷ್ಯರ ಗೀಚುಚಿತ್ರಗಳಿವೆ. ಗಾರೆ ಬಳಿದ ಮೇಲೆ ಅವು ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಬಿಡಿಸಿದ್ದಾರೆ.

ಹಳೆಯದರ ಮೇಲೆ ಹೊಸದು

ಈಗ ರೋಸಲೀಲಾಗೆ ವಾಪಸ್ ಬರೋಣ. ಸಾಮಾನ್ಯವಾಗಿ ಹೊಸ ರಾಜ ಬಂದು ಪಿರಮಿಡ್ ದೊಡ್ಡದು ಮಾಡುವಾಗ ಹಳೆಯ ಗುಡಿಯ ಮೇಲ್ಭಾಗ ಒಡೆದು, ಅದನ್ನೇ ಒಳಗೆ ತುಂಬಿ, ಮೇಲೆ ಕಟ್ಟುತ್ತಿದ್ದರು. ಅರ್ಧ ಬೆಟ್ಟ ಮೊದಲೇ ಸಿದ್ಧ ಇರುವುದರಿಂದ ಕೆಲಸ ಎಷ್ಟೋ ಉಳಿಯುತ್ತದೆ. ರೋಸಲೀಲಾವನ್ನು ಮಾತ್ರ ಒಡೆಯಲಿಲ್ಲ. ಅದರ ಕೋಣೆಗಳಿಗೆ ಜೋಪಾನವಾಗಿ ಮಣ್ಣು, ಕಲ್ಲು ತುಂಬಿದರು. ಗೋಡೆಯ ಮುಖಗಳಿಗೆ ಪೆಟ್ಟಾಗದಂತೆ ಬಿಳಿ ಗಾರೆಯ ಹೊದಿಕೆ ಬಳಿದರು. ಒಳಗೆ ಚಕಮಕಿ ಕಲ್ಲಿನಲ್ಲಿ ಕೆತ್ತಿದ ಒಂಬತ್ತು ಸೊಗಸಾದ ವಸ್ತುಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರು. ಆಮೇಲೆ ಹೊಸ ಪಿರಮಿಡ್ಡಿನ ಒಳಗೆ ಸೇರಿಸಿಕೊಂಡರು. ಅದರ ಕೆಳಗೂ ಇನ್ನಷ್ಟು ಹಳೆಯ ಗುಡಿಗಳಿವೆ. ಎಲ್ಲಕ್ಕಿಂತ ಕೆಳಗೆ ಒಂದು ಸಮಾಧಿ. 426ರಲ್ಲಿ ಕೊಪಾನ್‌ನ ರಾಜವಂಶ ಶುರು ಮಾಡಿದ ರಾಜನದ್ದೇ ಅದು ಅಂತ ವಿದ್ವಾಂಸರು ಹೇಳುತ್ತಾರೆ.

ಮೆಕ್ಸಿಕೊದ ಚಿಚೆನ್ ಇಟ್ಜಾದಲ್ಲಿರುವ ಕುಕುಲ್ಕಾನ್ ಪಿರಮಿಡ್ಡಿನ ಫೋಟೊ ನೀವು ನೋಡೇ ಇರುತ್ತೀರಿ. ಅದರ ಎತ್ತರ ಮೇಲಿನ ಗುಡಿ ಸೇರಿ 30 ಮೀಟರ್. 1930ರ ದಶಕದಲ್ಲಿ ಒಳಗೆ ಸುರಂಗ ತೋಡಿದಾಗ ಇನ್ನೊಂದು ಪಿರಮಿಡ್ ಸಿಕ್ಕಿತು. ಅದರ ಗುಡಿಯಲ್ಲಿ ಕೆಂಪು ಬಣ್ಣದ ಜಾಗ್ವಾರ್ ಆಕಾರದ ಪೀಠ. ಮೈಮೇಲಿನ ಚುಕ್ಕೆಗಳಿಗೆ ಹಸಿರು ಜೇಡ್ ಕಲ್ಲು ಕೂರಿಸಿದ್ದರು. 2016ರಲ್ಲಿ, ಈ ಸಲ ಏನನ್ನೂ ತೋಡದೆ, ನೆಲದೊಳಗೆ ವಿದ್ಯುತ್ ಹರಿಸಿ ಪರೀಕ್ಷೆ ಮಾಡಿದರು. ಕಲ್ಲು, ಮಣ್ಣು, ಖಾಲಿ ಜಾಗ ಇವುಗಳಲ್ಲಿ ವಿದ್ಯುತ್ ಬೇರೆ ಬೇರೆ ರೀತಿ ಹರಿಯುತ್ತದೆ. ಅದರಿಂದ ಒಳಗಿನ ನಕ್ಷೆ ಬಿಡಿಸಬಹುದು. ಎರಡನೆಯದರ ಒಳಗೆ ಮೂರನೆಯದು ಇರುವುದು ಹಾಗೆ ಗೊತ್ತಾಯಿತು. ಅದರ ಎತ್ತರ ಸುಮಾರು 10 ಮೀಟರ್.

ಈ ಪಿರಮಿಡ್ಡಿನಲ್ಲಿ ಲೆಕ್ಕವೂ ಇದೆ. ನಾಲ್ಕು ಕಡೆ ತಲಾ 91 ಮೆಟ್ಟಿಲು, ಮೇಲಿನದು ಒಂದು. ಕೂಡಿ ನೋಡಿ, 365. ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ಸಂಜೆ ಬಿಸಿಲು ಬಿದ್ದಾಗ ಉತ್ತರದ ಮೆಟ್ಟಿಲಿನ ಪಕ್ಕೆಯ ಮೇಲೆ ಬೆಳಕಿನ ತ್ರಿಕೋನಗಳ ಸಾಲು ಮೂಡುತ್ತದೆ. ಕೆಳಗೆ ಕಲ್ಲಿನ ಹಾವಿನ ತಲೆ ಇದೆ. ಹಾವು ಮೇಲಿಂದ ಇಳಿದು ಬಂದ ಹಾಗೆ ಕಾಣುತ್ತದೆ. ಇದನ್ನು ಬೇಕಂತಲೇ ಮಾಡಿದರಾ ಅನ್ನುವ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಜಗಳ ಇದೆ. ಮೆಟ್ಟಿಲ ಎದುರು ನಿಂತು ಚಪ್ಪಾಳೆ ತಟ್ಟಿದರೆ ಹಕ್ಕಿ ಕೂಗಿದಂಥ ಸದ್ದು ವಾಪಸ್ ಬರುತ್ತದೆ. ಕಾರಣ ಸುಲಭ. ಒಂದೊಂದು ಮೆಟ್ಟಿಲೂ ಸದ್ದನ್ನು ಬೇರೆ ಬೇರೆಯಾಗಿ ವಾಪಸ್ ಕಳಿಸುತ್ತದೆ. ಕೆಳಗಿನ ಮೆಟ್ಟಿಲುಗಳ ಪ್ರತಿಧ್ವನಿ ಒಂದರ ಹಿಂದೊಂದು ಬೇಗ ಬೇಗ ಬರುತ್ತದೆ. ಮೇಲಿನವುಗಳದ್ದು ಸ್ವಲ್ಪ ಸ್ವಲ್ಪ ತಡವಾಗಿ. ಹಾಗಾಗಿ ಸದ್ದು ಕೀರಲಾಗಿ ಶುರುವಾಗಿ ತಗ್ಗುತ್ತಾ ಹೋಗುತ್ತದೆ.

ಎಲ್ಲ ಪಿರಮಿಡ್ಡೂ ಹೀಗೆ ಕಾಲಾಂತರದಲ್ಲಿ ಬೆಳೆದದ್ದೇನಲ್ಲ. ಮೆಕ್ಸಿಕೊದ ಪಲೆಂಕೆ ಎಂಬ ಮಾಯಾ ನಗರದ ರಾಜ ಪಕಾಲ್ 12ನೇ ವಯಸ್ಸಿಗೇ ಸಿಂಹಾಸನ ಏರಿದವನು. 615ರಿಂದ 683ರವರೆಗೆ ಆಳಿದ. ತನ್ನ ಸಮಾಧಿಗೆ ಬದುಕಿರುವಾಗಲೇ ಏರ್ಪಾಡು ಮಾಡಿಕೊಂಡ. ಅವನ ಕಲ್ಲಿನ ಪೆಟ್ಟಿಗೆಯ ಮುಚ್ಚಳದ ಉದ್ದವೇ 3.8 ಮೀಟರ್. ಅದು ಯಾವ ಮೆಟ್ಟಿಲಿನಲ್ಲೂ ಇಳಿಯುವಂಥದ್ದಲ್ಲ. ಅಂದರೆ ಮೊದಲು ಪೆಟ್ಟಿಗೆ ಇಟ್ಟು, ಅದರ ಸುತ್ತ ಪಿರಮಿಡ್ ಕಟ್ಟಿದ್ದಾರೆ! ಗುಡಿಯ ನೆಲದಿಂದ ಸಮಾಧಿಗೆ ಒಳಮೆಟ್ಟಿಲು ಬಿಟ್ಟು, ರಾಜನನ್ನು ಮಲಗಿಸಿದ ಮೇಲೆ ಅದಕ್ಕೆ ಕಲ್ಲು ಮಣ್ಣು ತುಂಬಿದರು. ಕೆಲಸ ಮುಗಿಸಿದವನು ಮಗ. ಸಮಾಧಿಯಿಂದ ಗುಡಿಯವರೆಗೆ ಮೆಟ್ಟಿಲಿನ ಪಕ್ಕದಲ್ಲೇ ಸಣ್ಣದೊಂದು ಕಲ್ಲಿನ ಕೊಳವೆಯನ್ನೂ ಬಿಟ್ಟಿದ್ದಾರೆ, ಸತ್ತ ರಾಜನ ಜೊತೆ ಸಂಪರ್ಕ ಉಳಿಯಲಿ ಅಂತ.

1949ರಲ್ಲಿ ಆಲ್ಬರ್ಟೊ ರೂಸ್ ಎಂಬ ಪುರಾತತ್ವಜ್ಞರು ಗುಡಿಯ ನೆಲ ನೋಡುತ್ತಿದ್ದಾಗ ಒಂದು ಚಪ್ಪಡಿಯಲ್ಲಿ ತೂತುಗಳು ಕಂಡವು. ತೂತುಗಳಿಗೆ ಕಲ್ಲಿನ ಬಿರಡೆ ಹಾಕಿದ್ದರು. ನೆಲದ ಚಪ್ಪಡಿಗೆ ತೂತು ಯಾಕೆ? ಎತ್ತುವುದಕ್ಕೇ ಇರಬೇಕು. ಎತ್ತಿಸಿದರು, ಕೆಳಗೆ ಮೆಟ್ಟಿಲು. ಪೂರ್ತಿ ತುಂಬಿದ್ದ ಕಲ್ಲು ಮಣ್ಣು ತೆಗೆದು ಕೆಳಗೆ ತಲುಪುವಾಗ 1952 ಆಗಿತ್ತು. ಅಲ್ಲಿ ಜೇಡ್ ಕಲ್ಲಿನ ಮುಖವಾಡ ಹಾಕಿಕೊಂಡು ಪಕಾಲ್ ಮಲಗಿದ್ದ.

ಆಮೇಲೆ ಏನಾಯಿತು?

ಗಾರೆಯ ಕಟ್ಟಡಕ್ಕೆ ಪ್ರತಿ ಮಳೆಗಾಲ ಆದ ಮೇಲೂ ಕೈ ಆಡಿಸುತ್ತಿರಬೇಕು. ಬಿರುಕು ಮುಚ್ಚಬೇಕು, ಮತ್ತೆ ಗಾರೆ ಬಳಿಯಬೇಕು. 9ನೇ ಶತಮಾನದಲ್ಲಿ ದಕ್ಷಿಣದ ನಗರಗಳು ಒಂದೊಂದಾಗಿ ಖಾಲಿಯಾದವು. ಬರಗಾಲ, ಯುದ್ಧ, ರಾಜರ ಮೇಲೆ ಹೋದ ನಂಬಿಕೆ ಹೀಗೆ ಹಲವು ಕಾರಣ. ನೋಡಿಕೊಳ್ಳುವವರು ಇಲ್ಲದೆ ಬಿರುಕಿನಲ್ಲಿ ನೀರು ಇಳಿಯಿತು, ಬೀಜ ಬಿತ್ತು, ಬೇರು ಕಲ್ಲನ್ನು ಸೀಳಿತು. ಪಿರಮಿಡ್ಡುಗಳು ಕಾಡಿನ ಗುಡ್ಡಗಳಾದವು.

ಈಗ ಆ ಗುಡ್ಡಗಳನ್ನು ವಿಮಾನದಿಂದಲೇ ಹುಡುಕುತ್ತಾರೆ. ಲೈಡಾರ್ ಎಂಬ ಉಪಕರಣ ಮೇಲಿನಿಂದ ಲೇಸರ್ ಬೆಳಕು ಬಿಡುತ್ತದೆ. ಎಲೆಗಳ ಸಂದಿಯಿಂದ ನೆಲ ಮುಟ್ಟಿ ವಾಪಸ್ ಬಂದ ಬೆಳಕನ್ನಷ್ಟೇ ಆರಿಸಿಕೊಂಡರೆ, ಕಾಡನ್ನು ಅಳಿಸಿ ಬರೀ ನೆಲದ ಚಿತ್ರ ಬಿಡಿಸಬಹುದು. 2018ರಲ್ಲಿ ಉತ್ತರ ಗ್ವಾಟೆಮಾಲಾದ 2,100 ಚದರ ಕಿಲೋಮೀಟರಿಗೂ ಹೆಚ್ಚು ಜಾಗವನ್ನು ಹೀಗೆ ನೋಡಿದ ವರದಿ ಬಂತು. ಮನೆ, ಜಗಲಿ, ಪಿರಮಿಡ್ ಎಲ್ಲ ಸೇರಿ 60,000ಕ್ಕೂ ಹೆಚ್ಚು ಕಟ್ಟಡಗಳು ಕಂಡವು. ಬಹುಪಾಲು ಜಾಗದಲ್ಲಿ ಇನ್ನೂ ಯಾರೂ ಅಗೆದಿಲ್ಲ.